ರೇಡಿಯಣ್ಣ ಟ್ಯಾಬ್ಲೆಟ್ ತಗೊಂಡ ವಾರ

ರೇಡಿಯಣ್ಣನಿಗೆ ಟ್ಯಾಬ್ಲೆಟ್ ತಗೊಳ್ಳಲೇಬೇಕಾದ ಪರಿಸ್ಥಿತಿ ಬಂದದ್ದು ಅವನ ಐವತ್ತೊಂಬತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನ ವ್ಯಾಪಾರವೆಲ್ಲ ಒಂದು ಮಡಚುವ ಮೇಜು, ಎರಡು ಟ್ರಂಕು ಮತ್ತು ಒಂದು ಬಾಯಿಯ ಮೇಲೆ ನಡೆದುಕೊಂಡು ಬಂದಿತ್ತು. ಮನೆ ಖಾಲಿ ಮಾಡುವವರಿಂದ ಹಳೆಯ ರೇಡಿಯೋ, ಗೋಡೆ ಗಡಿಯಾರ, ಟೇಬಲ್ ಫ್ಯಾನು, ಕ್ಯಾಮೆರಾ, ಹೀಗೆ ಸಿಕ್ಕಿದ್ದನ್ನು ಕೊಂಡು, ಒರೆಸಿ, ಉಜ್ಜಿ, ಶನಿವಾರ ಒಂದು ಸಂತೆ, ಭಾನುವಾರ ಇನ್ನೊಂದು ಸಂತೆ ಎಂದು ಹೊತ್ತು ಮಾರುವುದು ಅವನ ಕಸುಬು. ಅವನ ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತು. ಅವನು ಮಾರುವ ವಸ್ತುವಿಗಿಂತ ಅದರ ಜೊತೆ ಪುಕ್ಕಟೆ ಕೊಡುವ ಕಥೆಯೇ ಹೆಚ್ಚು ಬಾಳಿಕೆ ಬರುತ್ತದೆ ಎಂದು ಗಿರಾಕಿಗಳು ಹೇಳುತ್ತಿದ್ದರು.

ಇಂಥವನ ಮೇಜಿನ ಮುಂದೆ ಒಂದು ದಿನ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು ನಿಂತಳು. ಹಳೆಯ ಗಿರಣಿಯ ಗೋದಾಮಿನಲ್ಲಿ ಮುಂದಿನ ಭಾನುವಾರ ಪಾಪ್-ಅಪ್ ನಡೆಸುತ್ತಿದ್ದೇನೆ, ನೀವೂ ಬರಬೇಕು ಎಂದಳು.

"ಪಾಪ್-ಅಪ್ ಅಂದ್ರೆ?"

"ಒಂದೇ ದಿನದ ಅಂಗಡಿಗಳು ಅಂಕಲ್. ಬೆಳಿಗ್ಗೆ ಬಂದು ಮೇಜು ಹಾಕ್ತಾರೆ, ಸಂಜೆ ಎತ್ಕೊಂಡು ಹೋಗ್ತಾರೆ."

"ಅದು ಸಂತೆ ಅಲ್ವೇನಮ್ಮ?"

"ಅಯ್ಯೋ, ಸಂತೆ ಅಲ್ಲ ಅಂಕಲ್. ಇದರಲ್ಲಿ ಯಾರೂ ಕೂಗೋ ಹಾಗಿಲ್ಲ."

ಕೂಗದೆ ವ್ಯಾಪಾರ ಹೇಗೆ ಎಂದು ರೇಡಿಯಣ್ಣ ಕಂಗಾಲಾದ. ಹುಡುಗಿ ಪರಿಹಾರ ಹೇಳಿದಳು. ಪ್ರತಿ ವಸ್ತುವಿಗೂ ಫೋಟೋ ಇರಬೇಕು, ಅದರ ಕಥೆ ಬರೆದಿರಬೇಕು, ಜನ ಬಂದು ಓದಿಕೊಳ್ಳುತ್ತಾರೆ. "ಒಂದು ಟ್ಯಾಬ್ಲೆಟ್ ಇಟ್ಕೊಳ್ಳಿ ಅಂಕಲ್. ಟ್ಯಾಬ್ಲೆಟ್ ಇಲ್ದೆ ಇನ್ಮುಂದೆ ನಿಮ್ಮ ಕೈಲಿ ಆಗಲ್ಲ."

ಮರುದಿನವೇ ರೇಡಿಯಣ್ಣ ಮೊಬೈಲ್ ಅಂಗಡಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಟ್ಯಾಬ್ಲೆಟ್ ಕೇಳಿದ. ಮೂವತ್ತು ವರ್ಷ ಗಿರಾಕಿಗಳು ತನ್ನನ್ನು ಪೀಡಿಸಿದ ಪ್ರಶ್ನೆಗಳನ್ನೆಲ್ಲ ಅಂಗಡಿಯವನ ಮೇಲೆ ಪ್ರಯೋಗಿಸಿದ. ಮೊದಲು ಯಾರ ಹತ್ತಿರ ಇತ್ತು? ಎಲ್ಲಾದರೂ ಬಿದ್ದಿತ್ತಾ? ಬಿಚ್ಚಿ ರಿಪೇರಿ ಮಾಡಿದ್ದಾರಾ?

"ಒಬ್ಬರು ಟೀಚರಮ್ಮ ಇಟ್ಕೊಂಡಿದ್ರು ಸಾರ್. ಹೂವಿನ ಹಾಗೆ ಬಳಸಿದಾರೆ," ಎಂದ ಅಂಗಡಿಯವನು.

ಇದೇ ಟೀಚರಮ್ಮನ ಹೆಸರು ಹೇಳಿ ರೇಡಿಯಣ್ಣ ಕನಿಷ್ಠ ನಲವತ್ತು ರೇಡಿಯೋ ಮಾರಿದ್ದ. ಆದರೂ ನಂಬಿದ. ಕೊಳ್ಳುವವನ ಜಾಗದಲ್ಲಿ ನಿಂತಾಗ ಮನುಷ್ಯ ಎಷ್ಟು ಒಳ್ಳೆಯವನಾಗುತ್ತಾನೆ ಎಂಬುದಕ್ಕೆ ಇದೊಂದು ಸಾಕ್ಷಿ. ಗಾಜಿನ ಮೇಲೆ ಹೊಸ ಹಾಳೆ ಅಂಟಿಸಿ ನಾಳೆ ಕೊಡುತ್ತೇನೆಂದ ಅಂಗಡಿಯವನಿಗೆ ತಲೆಯಾಡಿಸಿ, ಎದೆಯುಬ್ಬಿಸಿ ಚಹಾದಂಗಡಿಗೆ ಬಂದ.

ವಿಷಯ ಯಾರಿಗಾದರೂ ಹೇಳಲೇಬೇಕಿತ್ತು, ಆದರೆ ಮನೆಯಲ್ಲಿ ಹೇಳುವಂತಿರಲಿಲ್ಲ. ಅವನ ಹೆಂಡತಿ ಆ ವರ್ಷದ ಮೊದಲಲ್ಲೇ, "ಇನ್ನೊಂದು ಮಷೀನು ಈ ಹೊಸ್ತಿಲು ಒಳಗೆ ದಾಟಿದ್ರೆ ನಾನು ಹೊರಗೆ ದಾಟ್ತೀನಿ," ಎಂದು ಸಾರಿಬಿಟ್ಟಿದ್ದಳು. ಅವಳ ಮಾತಿಗೆ ಕಾರಣವೂ ಇತ್ತು. ಮಂಚದ ಕೆಳಗೆ ಆರು ಫ್ಯಾನುಗಳಿದ್ದವು.

"ನಾಳೆಯಿಂದ ಟ್ಯಾಬ್ಲೆಟ್ ಶುರು ಮಾಡ್ತಾ ಇದೀನಪ್ಪ," ಎಂದ ರೇಡಿಯಣ್ಣ, ಆದಷ್ಟು ಸಾಮಾನ್ಯ ಧ್ವನಿಯಲ್ಲಿ.

ಚಹಾ ಸುರಿಯುತ್ತಿದ್ದವನ ಕೈ ಗಾಳಿಯಲ್ಲೇ ನಿಂತಿತು. "ಯಾಕೆ ರೇಡಿಯಣ್ಣ, ಏನಾಯ್ತು?"

"ಏನಾಗೋದು? ವಯಸ್ಸಾಯ್ತು. ಬರೀ ನೆನಪಿನ ಮೇಲೆ ಎಷ್ಟು ದಿನ ಗಾಡಿ ಓಡಿಸೋದು? ಟ್ಯಾಬ್ಲೆಟ್ ಇಲ್ದೆ ಇನ್ಮುಂದೆ ನಿಮ್ಮ ಕೈಲಿ ಆಗಲ್ಲ ಅಂತ ಆ ಮೇಡಂ ಖಡಾಖಂಡಿತ ಹೇಳ್ಬಿಟ್ರು."

"ಲೇಡಿ ಡಾಕ್ಟ್ರೇ ಹಾಗಂದ್ರೆ..." ಎಂದು ಚಹಾದವನು ಒಳಗೊಳಗೇ ಗೊಣಗಿಕೊಂಡ. ಒಲೆಯ ಸದ್ದಿನಲ್ಲಿ ಅದು ರೇಡಿಯಣ್ಣನಿಗೆ ಕೇಳಲಿಲ್ಲ. "ಎಷ್ಟು ದಿನ ಅಂದ್ರು?"

"ದಿನದ ಮಾತೆಲ್ಲಿ ಬಂತು? ಒಂದ್ಸಲ ಶುರು ಮಾಡಿದ್ರೆ ಬಿಡೋಕೇ ಆಗಲ್ಲವಂತೆ. ನೋಡು, ನಮ್ಮನೇಲಿ ಮಾತ್ರ ಹೇಳ್ಬೇಡ. ಅವಳಿಗೆ ತಡ್ಕೊಳ್ಳೋಕಾಗಲ್ಲ."

ಚಹಾದವನು ಅಂದು ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಅವನು ಮಾತಿನ ಮನುಷ್ಯ, ರೇಡಿಯಣ್ಣನ ಮನೆಯಲ್ಲಿ ಹೇಳಲಿಲ್ಲ. ಪಕ್ಕದ ದರ್ಜಿಗೆ ಮಾತ್ರ ಹೇಳಿದ. ದರ್ಜಿ ಅಳತೆ ತೆಗೆಯುತ್ತ ಎದುರುಮನೆಯಾಕೆಗೆ ಹೇಳಿದ. ಎದುರುಮನೆಯಾಕೆಗೆ ಯಾವ ಸುದ್ದಿಯನ್ನೂ ಬಂದ ಹಾಗೇ ಮುಂದೆ ಸಾಗಿಸಿ ಅಭ್ಯಾಸವಿರಲಿಲ್ಲ. ಸಂಜೆ ಅವಳು ಕಾಂಪೌಂಡಿನ ಮೇಲೆ ಕುತ್ತಿಗೆ ಚಾಚಿ ರೇಡಿಯಣ್ಣನ ಹೆಂಡತಿಯನ್ನು ಕರೆದಾಗ ಟ್ಯಾಬ್ಲೆಟ್ಟು ದಿನಕ್ಕೆ ಆರಾಗಿತ್ತು, ಲೇಡಿ ಡಾಕ್ಟರು ಇಬ್ಬರಾಗಿದ್ದರು.

"ನಿಮಗೆ ಹೇಳಿಲ್ವಾ?" ಎಂದು ಕೊನೆಯಲ್ಲಿ ಅವಳು ಸೆರಗು ಬಾಯಿಗೊತ್ತಿಕೊಂಡಳು. "ಛೆ, ಎಷ್ಟು ಒಳ್ಳೆ ಮನುಷ್ಯ. ನಮ್ಮನೆಯವರಿಗೆ ನೆಗಡಿ ಆದ್ರೂ ಇಡೀ ಬೀದಿಗೆ ಗೊತ್ತಾಗತ್ತೆ."

ರೇಡಿಯಣ್ಣನ ಹೆಂಡತಿ ಒಳಗೆ ಬಂದು ಗಂಡನ ಅಂಗಿಗಳ ಜೇಬು ತಡಕಿದಳು. ಮೂರು ಸ್ಕ್ರೂ, ಒಂದು ಗಡಿಯಾರದ ಮುಳ್ಳು ಸಿಕ್ಕವು. ಮಾತ್ರೆ ಒಂದೂ ಸಿಗಲಿಲ್ಲ. ಇಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಾರೆಂದರೆ ಕಾಯಿಲೆ ಇನ್ನೆಷ್ಟು ದೊಡ್ಡದಿರಬೇಕು ಎಂದುಕೊಂಡಳು. ತಾನಾಗಿ ಕೇಳಬಾರದು, ಅವರಾಗಿ ಹೇಳಲಿ ಎಂದು ಮನಸ್ಸು ಗಟ್ಟಿಮಾಡಿಕೊಂಡು ಅಡುಗೆಗೆ ಇಳಿದಳು.

ಅಂದು ಊಟಕ್ಕೆ ಉಪ್ಪಿರಲಿಲ್ಲ. ಎಣ್ಣೆಯೂ ಇರಲಿಲ್ಲ.

"ಉಪ್ಪು ಸ್ವಲ್ಪ..." ಎಂದ ರೇಡಿಯಣ್ಣ.

"ಸಾಕು. ಇಷ್ಟು ವರ್ಷ ತಿಂದಿದ್ದೇ ಸಾಕು," ಎಂದಳು ಹೆಂಡತಿ. ಅವಳ ಕಣ್ಣು ಕೆಂಪಗಿತ್ತು.

ಟ್ಯಾಬ್ಲೆಟ್ ಕೊಂಡದ್ದು ಇವಳಿಗೆ ಗೊತ್ತಾಗಿಹೋಗಿದೆ, ಅದಕ್ಕೇ ಈ ಶಿಕ್ಷೆ ಎಂದು ರೇಡಿಯಣ್ಣ ಖಚಿತಪಡಿಸಿಕೊಂಡ. ತಪ್ಪು ಮಾಡಿದವನಿಗೆ ಉಪ್ಪು ಕೇಳುವ ಹಕ್ಕೆಲ್ಲಿದೆ? ತಲೆ ತಗ್ಗಿಸಿ ಎರಡನೆಯ ಸಲ ಅನ್ನ ಹಾಕಿಸಿಕೊಂಡು ತಿಂದ.

ಮರುದಿನ ಮಧ್ಯಾಹ್ನ, ಕೈಗೆ ಬಂದ ಟ್ಯಾಬ್ಲೆಟ್ಟನ್ನು ಟವೆಲಿನಲ್ಲಿ ಸುತ್ತಿ ಒಳಗೆ ತಂದು, ಸಾಮಾನಿನ ಕೋಣೆ ಸೇರಿ ಚಿಲಕ ಹಾಕಿಕೊಂಡ. ಬೆರಳಲ್ಲಿ ಒತ್ತಿ ಬರೆಯಹೋದರೆ "ಗಡಿಯಾರ" ಎಂಬುದು "ಗಾಡಿ ಯಾರ" ಎಂದು ಬಿತ್ತು. ಆದರೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆಂದು ಅಂಗಡಿಯವನು ತೋರಿಸಿಕೊಟ್ಟಿದ್ದ. ರೇಡಿಯಣ್ಣ ಮೊದಲು ಪಿಸುದನಿಯಲ್ಲಿ ನಾಲ್ಕು ಸಾಲು ಬರೆಸಿ, ಆಮೇಲೆ ಗಂಟಲು ಸರಿಮಾಡಿಕೊಂಡು ಮರದ ಪೆಟ್ಟಿಗೆಯ ರೇಡಿಯೋವೊಂದರ ಕಥೆ ಶುರುಮಾಡಿದ. ಬಾಗಿಲಾಚೆ ಹೆಂಡತಿ ಕಿವಿಯಿಟ್ಟು ನಿಂತಿದ್ದಳು.

"ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ," ಎಂದಿತು ಒಳಗಿನ ಧ್ವನಿ, ನಿಧಾನವಾಗಿ, ಬಿಡಿಸಿ ಬಿಡಿಸಿ. "ಆದರೆ ಒಳಗೆ ಎರಡು ಭಾಗ ಪೂರ್ತಿ ಹೋಗಿವೆ. ಬದಲಿ ಎಲ್ಲೂ ಸಿಗುವುದಿಲ್ಲ. ಒಂದು ಕಾಲದಲ್ಲಿ ಇಡೀ ಮನೆಯನ್ನು ನಗಿಸುತ್ತಿತ್ತು. ಈಗ ಸ್ವಲ್ಪ ಬಿಸಿಯಾದ ಮೇಲೆ ಗೊರಗೊರ ಎನ್ನುತ್ತದೆ. ಇರುವಷ್ಟು ದಿನ ಚೆನ್ನಾಗಿ ನೋಡಿಕೊಳ್ಳುವವರು ಸಿಕ್ಕರೆ ಸಾಕು."

ಹೆಂಡತಿ ಅಲ್ಲಿಂದ ನೇರ ಫೋನಿನ ಬಳಿ ಹೋಗಿ ನಾದಿನಿಗೆ ಹಚ್ಚಿದಳು.

ಮೂರನೆಯ ದಿನ ರೇಡಿಯಣ್ಣನ ತಂಗಿ ಎರಡು ಚೀಲ, ಒಂದು ದಿಂಬು ಸಮೇತ ಬಂದಿಳಿದಳು. ಅವಳು ಎಲ್ಲಿಗೆ ಹೋದರೂ ತನ್ನ ದಿಂಬನ್ನು ತಾನೇ ಒಯ್ಯುವವಳು. ದಿಂಬು ಬಂದಿದೆಯೆಂದರೆ ವಾಸ್ತವ್ಯ ದೀರ್ಘ ಎಂದೇ ಅರ್ಥ.

"ಅಣ್ಣಾ, ಒಂದು ಮಾತು ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದು ಬಾಗಿಲಲ್ಲೇ ಅತ್ತಳು.

ಈ ಹೆಂಗಸರು ಒಂದು ಟ್ಯಾಬ್ಲೆಟ್ಟಿಗೆ ಇಷ್ಟು ರಂಪ ಮಾಡಬೇಕೆ ಎಂದು ರೇಡಿಯಣ್ಣನಿಗೆ ಅನ್ನಿಸಿತು. "ಹೇಳ್ಕೊಂಡು ತಿರುಗೋ ವಿಷಯನಾ ಇದು? ಈ ವಯಸ್ಸಲ್ಲಿ ಇವನಿಗೆ ಯಾಕೆ ಬೇಕಿತ್ತು ಅಂತ ನಾಲ್ಕು ಜನ ನಗ್ತಾರೆ."

"ಯಾರು ನಗ್ತಾರಣ್ಣ!" ಎಂದು ಅವಳು ಇನ್ನೂ ಜೋರಾಗಿ ಅತ್ತಳು. "ಖರ್ಚು ಎಷ್ಟಾದ್ರೂ ಆಗ್ಲಿ, ನನ್ನ ಬಳೆ ಇವೆ!"

"ಬೇಡ ಬೇಡ. ಸೆಕೆಂಡ್‌ಹ್ಯಾಂಡ್ ತಗೊಂಡಿದೀನಿ. ಅದರಲ್ಲೇ ನಡೆಯತ್ತೆ."

ಅಣ್ಣ ಯಾರೋ ಬಿಟ್ಟುಹೋದ ಮಾತ್ರೆ ನುಂಗುತ್ತಿದ್ದಾನೆಂದು ತಿಳಿದ ತಂಗಿ ಚೀಲದ ಮೇಲೇ ಕುಸಿದು ಕುಳಿತಳು.

ಶನಿವಾರದ ಸಂತೆಯಲ್ಲಿ ಇನ್ನೊಂದು ಪವಾಡ ನಡೆಯಿತು. ಅಲ್ಲಿನ ಮಾರುಕಟ್ಟೆ ಇನ್ಸ್‌ಪೆಕ್ಟರು ಹದಿನೆಂಟು ವರ್ಷದಿಂದ ಪ್ರತಿ ಶನಿವಾರ ಬಂದು, ನೆಲದ ಮೇಲಿನ ಹಳದಿ ಗೆರೆ ತೋರಿಸಿ, "ಎರಡಡಿ ಹಿಂದೆ!" ಎಂದು ಗದರಿಸುತ್ತಿದ್ದ ಮನುಷ್ಯ. ಅವತ್ತು ಅವರು ತಾವೇ ಒಂದು ಕುರ್ಚಿ ತಂದು ಗೆರೆಯಿಂದ ನಾಲ್ಕಡಿ ಮುಂದೆ ಹಾಕಿದರು.

"ಕೂತ್ಕೊಳ್ಳಿ. ನಿಂತು ವ್ಯಾಪಾರ ಮಾಡ್ಬೇಡಿ."

"ಗೆರೆ ಸಾರ್..."

"ಗೆರೆ ಏನ್ರೀ, ಇವತ್ತಿರತ್ತೆ, ನಾಳೆ ಅಳಿಸಿ ಹೋಗತ್ತೆ. ಎಲ್ಲರೂ ಒಂದಿನ ದಾಟೋದೇ ಅಲ್ವಾ?" ಎಂದು ಇನ್ಸ್‌ಪೆಕ್ಟರು ಆಕಾಶ ನೋಡಿದರು.

ರೇಡಿಯಣ್ಣ ಮಡಿಲಲ್ಲಿದ್ದ ಟವೆಲಿನ ಗಂಟನ್ನು ಭಕ್ತಿಯಿಂದ ಸವರಿದ. ಟ್ಯಾಬ್ಲೆಟ್ ಇದ್ದವನಿಗೆ ಸಮಾಜದಲ್ಲಿ ಇಷ್ಟು ಬೆಲೆಯೆಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಕೊಳ್ಳುತ್ತಿದ್ದ.

ಭಾನುವಾರ ಬಂತು. ಗಿರಣಿಯ ಗೋದಾಮಿಗೆ ಸುಣ್ಣ ಹೊಡೆದು, ಬಲ್ಬುಗಳ ಸಾಲು ಇಳಿಬಿಟ್ಟಿದ್ದರು. ಒಂದು ಮೇಜಿನಲ್ಲಿ ಸಾಬೂನು, ಒಂದರಲ್ಲಿ ಕಿವಿಯೋಲೆ, ಮೂಲೆಯಲ್ಲಿ ರೇಡಿಯಣ್ಣ. ಯಾರೂ ಕೂಗುತ್ತಿರಲಿಲ್ಲವಾದ್ದರಿಂದ ಅವನಿಗೆ ಆಸ್ಪತ್ರೆಗೆ ಬಂದಂತಾಯಿತು. ಟವೆಲ್ ಬಿಚ್ಚಿ ಟ್ಯಾಬ್ಲೆಟ್ಟನ್ನು ಎದುರಿಗಿಟ್ಟುಕೊಂಡು ಕುಳಿತ. ಹೆಂಡತಿ, ತಂಗಿ ಹಿಂದೆ ಟ್ರಂಕುಗಳ ಮೇಲೆ ಕುಳಿತರು. ಇಬ್ಬರೂ ಬರುತ್ತೇವೆಂದು ಹಟ ಹಿಡಿದದ್ದು ಮೂವತ್ತು ವರ್ಷಗಳಲ್ಲಿ ಇದೇ ಮೊದಲು.

ಹತ್ತು ಗಂಟೆಯ ಹೊತ್ತಿಗೆ ಹಳೆಯ ಗಿರಾಕಿಗಳು ಬರತೊಡಗಿದರು. ಮೊದಲು ಬಂದವರು ನಿವೃತ್ತ ಪೋಸ್ಟ್‌ಮ್ಯಾನ್. ಕೈಯಲ್ಲಿ ಒಂದು ಅಲಾರಂ ಗಡಿಯಾರ.

"ಇದು ನೀವೇ ಕೊಟ್ಟಿದ್ದು, ಇಪ್ಪತ್ತೊಂದು ವರ್ಷ ಆಯ್ತು," ಎಂದರು. "ಇದಿಲ್ದಿದ್ರೆ ನಾನು ಒಂದಿನಾನೂ ಸರಿಯಾದ ಹೊತ್ತಿಗೆ ಎದ್ದು ಕಾಗದ ಹಂಚ್ತಿರ್ಲಿಲ್ಲ. ಈಗ ಏಳೋ ಅವಸರ ಇಲ್ಲ. ಆದ್ರೂ ಕೀಲಿ ಕೊಡ್ತೀನಿ. ನಮ್ಮನೆಯವಳು ಹೋದ ಮೇಲೆ ಬೆಳಿಗ್ಗೆ ನನ್ನನ್ನ ಬೈಯೋದು ಇದೊಂದೇ. ನಿಮ್ಮ ಹತ್ರ ಇರ್ಲಿ. ಇರೋವಷ್ಟು ದಿನ."

ರೇಡಿಯಣ್ಣ ಗಡಿಯಾರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಪಾಪ್-ಅಪ್ಪಿಗೆ ಕಥೆ ಬೇಕೆಂದು ಹುಡುಗಿ ಹೇಳಿದ್ದಳಲ್ಲ, ಅದಕ್ಕೇ ಇವರೆಲ್ಲ ಬರುತ್ತಿದ್ದಾರೆಂದುಕೊಂಡು, "ಇನ್ನೊಂದ್ಸಲ ಹೇಳಿ, ಬರ್ಕೊಳ್ತೀನಿ," ಎಂದು ಟ್ಯಾಬ್ಲೆಟ್ಟನ್ನು ಅವರ ಬಾಯಿಯ ಹತ್ತಿರ ಹಿಡಿದ. ಪೋಸ್ಟ್‌ಮ್ಯಾನ್ ಇದು ಯಾವುದೋ ಕೊನೆಯಾಸೆಯೆಂದು ತಿಳಿದು ಮೊದಲಿಂದ ಹೇಳಿದರು.

ಆಮೇಲೆ ಭೂಗೋಳದ ಮೇಷ್ಟ್ರು ಬಂದರು, ಕ್ಯಾಮೆರಾ ಹಿಡಿದು. "ನಮ್ಮ ಮಗಳು ಮೊದಲ ಹೆಜ್ಜೆ ಇಟ್ಟಾಗ ಇದರಲ್ಲಿ ಫಿಲ್ಮ್ ಇರ್ಲಿಲ್ಲ. ಆದ್ರೂ ಗುಂಡಿ ಒತ್ತಿದೆ. ತೆಗೆದ ಫೋಟೋಗಳೆಲ್ಲ ಎಲ್ಲೋ ಕಳೆದುಹೋದ್ವು. ತೆಗೀದೇ ಇರೋ ಅದೊಂದು ಮಾತ್ರ ಕಣ್ಮುಂದೆ ಹಾಗೇ ಇದೆ."

ಒಂದು ದಂಪತಿ ಟೇಬಲ್ ಫ್ಯಾನು ಹೊತ್ತು ತಂದರು. ಅದು ಅತ್ತಿತ್ತ ತಿರುಗುವುದನ್ನು ನಿಲ್ಲಿಸಿದ ಮೇಲೆ ಯಾರ ಕಡೆ ಮುಖಮಾಡಿ ಇಡಬೇಕೆಂದು ಎರಡು ಬೇಸಿಗೆ ಜಗಳವಾಡಿದ್ದರಂತೆ. "ಈಗ ಎಲ್ಲಾ ಕೋಣೇಲೂ ಎಸಿ ಇದೆ," ಎಂದಳಾಕೆ ನಿಟ್ಟುಸಿರಿಟ್ಟು, "ಜಗಳ ಆಡೋಕೇ ವಿಷಯ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಮೇಜಿನ ಸುತ್ತ ಜಾತ್ರೆ. ಸಾಬೂನು, ಕಿವಿಯೋಲೆ ಬಿಟ್ಟು ಜನ ಇಲ್ಲೇ ನೆರೆದು ಕಥೆ ಕೇಳುತ್ತಿದ್ದರು. ರೇಡಿಯಣ್ಣ ಒಂದು ವಸ್ತುವನ್ನೂ ಮಾರಿರಲಿಲ್ಲ. ಬದಲಿಗೆ ಹನ್ನೊಂದು ವಸ್ತು ಬಂದು ಸೇರಿದ್ದವು. ಹಣ್ಣಿನ ಚೀಲ ಹಿಡಿದು ಇನ್ಸ್‌ಪೆಕ್ಟರೂ ಬಂದರು, ಅಂಗಡಿ ಮುಚ್ಚಿ ಚಹಾದವನೂ ದರ್ಜಿಯೂ ಬಂದರು. ಕನ್ನಡಕದ ಹುಡುಗಿ ಮೂಗೊರೆಸಿಕೊಳ್ಳುತ್ತ, "ಅಂಕಲ್, ಇಂಥ ಪಾಪ್-ಅಪ್ ನಾನು ಎಲ್ಲೂ ನೋಡಿಲ್ಲ," ಎಂದಳು.

ಆಗ ಜನ ಸರಿದು ದಾರಿ ಬಿಟ್ಟರು. ಅಲ್ಲಿ ಮೆಕ್ಯಾನಿಕ್ ನಿಂತಿದ್ದ.

ಈ ಮೆಕ್ಯಾನಿಕ್ ಯಾರೆಂದು ಹೇಳಬೇಕು. ಇಪ್ಪತ್ತೆರಡು ವರ್ಷ ಇವನೂ ರೇಡಿಯಣ್ಣನೂ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತವರು. ಇವನು ರಿಪೇರಿ ಮಾಡುವುದು, ಅವನು ಮಾರುವುದು. ಏಳು ವರ್ಷದ ಹಿಂದೊಂದು ಭಾನುವಾರ ಮೆಕ್ಯಾನಿಕ್ ತನ್ನ ತಾಯಿಯ ರೇಡಿಯೋವನ್ನು ಬಿಡುವಿನಲ್ಲಿ ಸರಿಮಾಡೋಣವೆಂದು ತಂದು ಮೇಜಿನ ಕೆಳಗಿಟ್ಟಿದ್ದ. ತಾಯಿ ತೀರಿಕೊಂಡು ಆಗ ಎರಡು ತಿಂಗಳು. ಅವನು ಚಹಾ ಕುಡಿದು ಬರುವಷ್ಟರಲ್ಲಿ ರೇಡಿಯಣ್ಣ ಅದನ್ನು ಗೊತ್ತಿಲ್ಲದೆ ಯಾರೋ ದಾರಿಹೋಕನಿಗೆ ಮಾರಿಬಿಟ್ಟಿದ್ದ, ಟೀಚರಮ್ಮನದೆಂದು ಹೇಳಿ. ಮೆಕ್ಯಾನಿಕ್ ತನ್ನ ಚೀಲ ಎತ್ತಿಕೊಂಡು ಹೋದವನು, ಮತ್ತೆ ಕಂಡಿರಲಿಲ್ಲ.

ಈಗ ಅವನು ಹತ್ತಿರ ಬಂದು ರೇಡಿಯಣ್ಣನ ಹೆಗಲ ಮೇಲೆ ಕೈಯಿಟ್ಟ. "ಎಷ್ಟು ದಿನ ಅಂದ್ರು ಡಾಕ್ಟ್ರು?"

"ಯಾವ ಡಾಕ್ಟ್ರು?"

"ನನ್ನ ಹತ್ರಾನೂ ಮುಚ್ಚಿಡ್ತೀಯೇನೋ? ಬರೀ ಟ್ಯಾಬ್ಲೆಟ್ ಮೇಲೆ ಜೀವ ಹಿಡ್ಕೊಂಡಿದೀಯ ಅಂತ ಇಡೀ ಮಾರ್ಕೆಟ್ ಹೇಳ್ತಿದೆ."

ಉಪ್ಪಿಲ್ಲದ ಊಟ, ತಂಗಿಯ ದಿಂಬು, ಇನ್ಸ್‌ಪೆಕ್ಟರ ಕುರ್ಚಿ, ಹನ್ನೊಂದು ವಸ್ತುಗಳು, ಎಲ್ಲವೂ ಒಂದರ ಹಿಂದೊಂದು ಬಂದು ರೇಡಿಯಣ್ಣನ ತಲೆಯಲ್ಲಿ ಸಾಲಾಗಿ ನಿಂತವು. ಬಾಯಿ ತೆರೆದ. ನಿಜ ಹೇಳಿದ ಮರುಕ್ಷಣ ಹೆಗಲ ಮೇಲಿನ ಕೈ ಹೋಗುತ್ತದೆ. ಏಳು ವರ್ಷದ ಮೇಲೆ ಬಂದ ಕೈ.

ರೇಡಿಯಣ್ಣ ಕೆಮ್ಮಿದ. ಇದನ್ನು ಸಮರ್ಥಿಸಲು ಸಾಧ್ಯವಿಲ್ಲ, ಆದರೆ ನಡೆದದ್ದನ್ನು ಹೇಳಬೇಕು. ದೊಡ್ಡ ಕೆಮ್ಮೇನಲ್ಲ, ಒಂದು ಸಣ್ಣ, ದಣಿದ ಕೆಮ್ಮು. ತಂಗಿ ಕಿಟಾರನೆ ಕಿರುಚಿದಳು. ಪೋಸ್ಟ್‌ಮ್ಯಾನ್ ಮುಖ ತಿರುಗಿಸಿಕೊಂಡರು. ಹೆಂಡತಿ ನೀರು ಹಿಡಿದು ಓಡಿಬಂದಳು. ಓಡಿದ ರಭಸಕ್ಕೆ ಅರ್ಧ ನೀರು ಅವನ ಅಂಗಿಯ ಮೇಲೇ ಚೆಲ್ಲಿತು. ಅವಳ ಮುಖ ನೋಡಿದ ಮೇಲೆ ಎರಡನೆಯ ಕೆಮ್ಮು ಬರಲಿಲ್ಲ.

ರೇಡಿಯಣ್ಣ ಎದ್ದು ಟ್ರಂಕು ಹತ್ತಿ ಟ್ಯಾಬ್ಲೆಟ್ಟನ್ನು ಎರಡೂ ಕೈಯಲ್ಲಿ ಮೇಲೆತ್ತಿದ. "ಟ್ಯಾಬ್ಲೆಟ್ ಅಂದ್ರೆ ಇದು! ನುಂಗೋದಲ್ಲ! ನನಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದೀನಿ!"

ಒಬ್ಬ ಮನುಷ್ಯ ಆರೋಗ್ಯವಾಗಿದ್ದಾನೆಂದು ತಿಳಿದು ಇಷ್ಟು ಜನ ಒಟ್ಟಿಗೆ ಸಿಟ್ಟಾದದ್ದು ಬೇರೆಲ್ಲೂ ನಡೆದಿರಲಿಕ್ಕಿಲ್ಲ.

"ಐದು ದಿನ!" ಎಂದಳು ಹೆಂಡತಿ. "ಐದು ದಿನ ಉಪ್ಪಿಲ್ದೆ ನಾನೂ ತಿಂದೆನಲ್ರೀ!" ಎಂದು ನಗಲು ಹೋಗಿ ಅತ್ತಳು, ಅಳುತ್ತಲೇ ಅವನ ಕಾಲಿಗೊಂದು ಗುದ್ದಿದಳು. ಮೇಷ್ಟ್ರು ತಮ್ಮ ಕ್ಯಾಮೆರಾ ವಾಪಸು ಎತ್ತಿಕೊಂಡರು. ದಂಪತಿ ಫ್ಯಾನನ್ನು ಯಾರು ಹೊರಬೇಕೆಂದು ಅಲ್ಲೇ ಜಗಳ ಶುರುಮಾಡಿದರು, ಬಹಳ ಖುಷಿಯಿಂದ. ಎಲ್ಲರ ದೃಷ್ಟಿ ತನ್ನ ಕಡೆ ತಿರುಗಿದ್ದು ಕಂಡು ಚಹಾದವನು, "ಮೇಡಂ ಹೇಳಿದ್ರು ಅಂತ ಅವರೇ ಅಂದಿದ್ದು, ಬೇಕಾದ್ರೆ ಕೇಳಿ!" ಎಂದು ದರ್ಜಿಯ ಹಿಂದೆ ಸರಿದ. ಇನ್ಸ್‌ಪೆಕ್ಟರು ಹಣ್ಣಿನ ಚೀಲದಿಂದ ಒಂದು ಕಿತ್ತಳೆ ಮಾತ್ರ ತೆಗೆದು ಮೇಜಿನ ಮೇಲಿಟ್ಟು, ಚೀಲ ಮಡಚಿಕೊಂಡು, "ಮುಂದಿನ ಶನಿವಾರ ನೋಡ್ಕೊಳ್ತೀನಿ," ಎಂದು ಹೊರಟರು.

ಮೆಕ್ಯಾನಿಕ್ ಮಾತ್ರ ಅಲುಗಲಿಲ್ಲ. ಅವನ ಕೈ ಯಾವಾಗಲೋ ಹಿಂದೆ ಹೋಗಿತ್ತು.

"ಎರಡು ಬಸ್ ಬದಲಾಯಿಸಿ ಬಂದೆ," ಎಂದ. "ಸಾಯೋವನ ಮೇಲೆ ಎಂಥ ಸಿಟ್ಟು ಅಂತ. ಕೊಡಿಲ್ಲಿ ಅದನ್ನ, ನಾನೇ ಒಡೆದು ಹಾಕ್ತೀನಿ."

ರೇಡಿಯಣ್ಣ ಟ್ರಂಕಿನಿಂದ ಇಳಿದು ಸುಮ್ಮನೆ ಕೊಟ್ಟ. ಮೆಕ್ಯಾನಿಕ್‌ನ ಹೆಬ್ಬೆರಳು ಗಾಜಿಗೆ ತಾಗಿ ಪಟ್ಟಿ ಸರಸರ ಮೇಲೆ ಸರಿಯಿತು. ಗಡಿಯಾರ, ಫ್ಯಾನು, ಕ್ಯಾಮೆರಾ ದಾಟಿ, ಎಲ್ಲಕ್ಕಿಂತ ಮೊದಲು ಬರೆದದ್ದರ ಮೇಲೆ ನಿಂತಿತು. ಅದಕ್ಕೆ ಫೋಟೋ ಇರಲಿಲ್ಲ. ಮೆಕ್ಯಾನಿಕ್ ಕಣ್ಣು ಕಿರಿದುಮಾಡಿ ಓದಿದ.

"ಬೇಕಾಗಿದೆ. ಕಂದು ಬಣ್ಣದ ವಾಲ್ವ್ ರೇಡಿಯೋ. ಬಲಗಡೆಯ ಗುಂಡಿ ಒಡೆದು ಅಲ್ಲಿ ಸೀಸೆಯ ಮುಚ್ಚಳ ಅಂಟಿಸಿದೆ. ಹಾಡದಿದ್ದರೂ ಪರವಾಗಿಲ್ಲ. ನನ್ನದಲ್ಲದ್ದನ್ನು ಮಾರಿದ್ದೇನೆ. ಯಾರಲ್ಲಿದ್ದರೂ ತಿಳಿಸಿ. ಬದಲಿಗೆ ನನ್ನ ಮೇಜಿನ ಮೇಲಿರುವುದರಲ್ಲಿ ಏನು ಬೇಕಾದರೂ ತೆಗೆದುಕೊಳ್ಳಿ."

ಎರಡು ಸಲ ಓದಿದ.

"ಸಿಕ್ತಾ?"

"ಇನ್ನೂ ಇಲ್ಲ," ಎಂದ ರೇಡಿಯಣ್ಣ. "ಏಳು ವರ್ಷ ಪ್ರತಿ ಸಂತೇಲೂ ಹುಡುಕಿದೆ. ನಾನು ಹೋಗದ ಕಡೆ ಇದು ಹೋಗತ್ತಂತೆ."

ಮೆಕ್ಯಾನಿಕ್ ಮತ್ತೆ ಗಾಜಿನ ಕಡೆ ಬಗ್ಗಿದ. "ಮುಚ್ಚಳದ ಬಣ್ಣ ಬರ್ದಿಲ್ಲ."

"ಹಸಿರು."

"ಕೆಂಪು."

"ಹಸಿರು ಕಣೋ. ನಾನೇ ಕೈಯಾರೆ ಕೊಟ್ಟಿದೀನಿ."

"ರೇಡಿಯೋ ನಮ್ಮಮ್ಮಂದೋ ನಿಮ್ಮಮ್ಮಂದೋ? ಕೆಂಪು. ಬರಿ."

ರೇಡಿಯಣ್ಣ ಒಂದು ಬೆರಳಲ್ಲಿ "ಕೆಂಪು" ಎಂದು ಬರೆಯಲು ಮೂರು ನಿಮಿಷ ತೆಗೆದುಕೊಂಡ. ಅಷ್ಟರಲ್ಲಿ ಯಾರೋ ಮೇಜಿನ ಮೇಲಿನ ಮರದ ಪೆಟ್ಟಿಗೆಯ ರೇಡಿಯೋ ಹಚ್ಚಿದರು. ಅದು ಬಿಸಿಯಾಗಿ, ಒಂದು ಹಾಡಿನ ಎರಡು ಅಕ್ಷರ ಹೇಳಿ, ಗುಂಯ್ ಎಂದು ಹಿಡಿದುಕೊಂಡಿತು. ಮೆಕ್ಯಾನಿಕ್ ಬಾಗಿಲ ಕಡೆ ನಾಲ್ಕು ಹೆಜ್ಜೆ ಹಾಕಿದ್ದವನು ನಿಂತ. ಆ ಸದ್ದು ಕೇಳಿಸಿಕೊಂಡು ಹಾಗೇ ಹೋಗುವುದು ಅವನಿಂದ ಆಗುವ ಕೆಲಸವಾಗಿರಲಿಲ್ಲ.

"ಆ ಕಂಡೆನ್ಸರ್ ಯಾರು ಹಾಕಿದ್ದು?"

"ನಾನೇ."

"ನೋಡಿದ್ರೇ ಗೊತ್ತಾಗತ್ತೆ," ಎಂದು ಬೈದುಕೊಳ್ಳುತ್ತ ವಾಪಸು ಬಂದ. ಕುರ್ಚಿ ಎಳೆದು, ಅಂಗಿಯ ತೋಳು ಮಡಚಿ, ಪ್ಲಗ್ ಕಿತ್ತು, ರೇಡಿಯೋದ ಬೆನ್ನು ತನ್ನ ಕಡೆ ತಿರುಗಿಸಿಕೊಂಡ. ಆಮೇಲೆ ತಲೆಯೆತ್ತದೆ ಬಲಗೈಯನ್ನು ಪಕ್ಕಕ್ಕೆ ಚಾಚಿದ.

ರೇಡಿಯಣ್ಣ ಟ್ರಂಕಿನೊಳಗೆ ತಡಕಾಡಿ ಒಂದು ಸ್ಕ್ರೂಡ್ರೈವರ್ ತೆಗೆದು ಆ ಅಂಗೈಯ ಮೇಲಿಟ್ಟ.

"ಇದಲ್ಲವೋ," ಎಂದ ಮೆಕ್ಯಾನಿಕ್, ಕೈ ಹಾಗೇ ಹಿಡಿದು. "ಸಣ್ಣದು."